576101: ಉಡುಪಿಯ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆಯಾ?

ಕಲ್ಸಂಕದವ:
ಲೆಕ್ಕ ಬಲ್ಲವರು ಸ್ವಲ್ಪ ಸಹಾಯ ಮಾಡಿ. ಮಗಳು ಏಳನೇ ಕ್ಲಾಸು. ಈಗ ಅಪವರ್ತನ ಪಾಠ ನಡೆಯುತ್ತಿದೆ, ಹಾಗಾಗಿ ಕಂಡ ಕಂಡ ಸಂಖ್ಯೆಯನ್ನೆಲ್ಲ ಒಡೆದು ನೋಡುವುದೇ ಕೆಲಸ. ಬೈಕಿನ ನಂಬರ್ ಆಯ್ತು, ಬಸ್ ಟಿಕೆಟ್ ಆಯ್ತು, ಈಗ ನಮ್ಮ ಪಿನ್ ಕೋಡ್ ಹಿಡಿದು ಕೂತಿದ್ದಾಳೆ. 576101.

ಕೊನೆಗೆ 1 ಇರುವುದರಿಂದ 2 ಇಲ್ಲ, 5 ಇಲ್ಲ. ಅಂಕಿ ಕೂಡಿಸಿದರೆ 20, ಅಂದರೆ 3 ಕೂಡ ಇಲ್ಲ. 7ರಿಂದ ಭಾಗಿಸಿದರೆ 82300 ಸಲ ಹೋಗಿ 1 ಉಳಿಯುತ್ತದೆ, ಅಷ್ಟು ಹತ್ತಿರ ಬಂದು ತಪ್ಪಿತು. 11, 13, 17, 19 ಯಾವುದೂ ಆಗಲಿಲ್ಲ. 50ರ ತನಕ ಇಬ್ಬರೂ ಕೂತು ನೋಡಿದೆವು. ಇನ್ನು ಎಲ್ಲಿವರೆಗೆ ಹೋಗಬೇಕು? ಕೈಯಲ್ಲೇ ಮುಗಿಸುವ ದಾರಿ ಉಂಟಾ? ಈ ಸಂಖ್ಯೆಯಲ್ಲಿ ಬೇರೆ ಏನಾದರೂ ವಿಶೇಷ ಇದ್ದರೆ ಅದನ್ನೂ ಹೇಳಿ, ಅವಳಿಗೆ ಖುಷಿ ಆಗುತ್ತದೆ.

ಮಲ್ಪೆ ಬೋಟು:
ಲಿನಕ್ಸಲ್ಲಿ ಫ್ಯಾಕ್ಟರ್ ಅಂತ ಒಂದು ಕಮಾಂಡ್ ಉಂಟು. ಹಾಕಿ ನೋಡಿದೆ. 576101 ಕೊಟ್ಟರೆ 576101 ಅಂತಲೇ ವಾಪಸ್ ಬಂತು. ಅವಿಭಾಜ್ಯ. ಮುಗೀತು.

ಕಲ್ಸಂಕದವ:
ಥ್ಯಾಂಕ್ಸ್. ಆದರೆ ಕಂಪ್ಯೂಟರ್ ಹೇಳಿತು ಅಂದರೆ ಅವಳು ಒಪ್ಪುವುದಿಲ್ಲ, "ಅದಕ್ಕೆ ಹೇಗೆ ಗೊತ್ತಾಯ್ತು" ಅಂತ ಕೇಳುತ್ತಾಳೆ.

ಲೆಕ್ಕದ ಟೀಚರ್:
ಹಾಗೆ ಕೇಳುವ ಮಕ್ಕಳೇ ಬೇಕು ನಮಗೆ. ಹೇಳುತ್ತೇನೆ ಕೇಳಿ.

ಮೊದಲು, ಎಲ್ಲಿವರೆಗೆ ಅನ್ನುವುದು. 759 ಗುಣಿಸು 759 ಅಂದರೆ 576081. 760 ಗುಣಿಸು 760 ಅಂದರೆ 577600. ನಮ್ಮ ಸಂಖ್ಯೆ ಇವೆರಡರ ನಡುವೆ ಬರುತ್ತದೆ. ಒಂದು ವೇಳೆ 576101 ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಅವೆರಡೂ 759ಕ್ಕಿಂತ ದೊಡ್ಡದಾಗಿರಲು ಸಾಧ್ಯವೇ ಇಲ್ಲ, ಗುಣಲಬ್ಧ ಮಿತಿ ಮೀರಿ ಹೋಗುತ್ತದೆ. ಹಾಗಾಗಿ 759ರ ಒಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಕೊನೆಯದು 757. ಒಟ್ಟು 134 ಅವಿಭಾಜ್ಯಗಳು ಬರುತ್ತವೆ. 9, 15, 21 ಇಂಥವನ್ನು ನೋಡುವುದು ಬೇಡ, 3ರಿಂದ ಆಗದಿದ್ದ ಮೇಲೆ 9ರಿಂದ ಆಗುವುದು ಎಲ್ಲಿಂದ?

134 ಭಾಗಾಕಾರ ಒಂದು ಭಾನುವಾರದ ಕೆಲಸ. ಮಾಡಿಸಿ. ಕೊನೆಯ 757ಕ್ಕೆ ಬಂದಾಗ 761 ಸಲ ಹೋಗಿ 24 ಉಳಿಯುತ್ತದೆ, ಅಲ್ಲಿಗೆ ಲೆಕ್ಕ ಪಕ್ಕಾ.

ರಥಬೀದಿ:
ನಮ್ಮೂರಿನ ನಂಬರ್ ಒಡೆಯಲು ಬರುವುದಿಲ್ಲ ಅಂತ ಕೇಳಿಯೇ ಖುಷಿ ಆಯ್ತು! ಇಷ್ಟು ವರ್ಷ ಲಕೋಟೆ ಮೇಲೆ ಬರೆದಿದ್ದೇನೆ, ಹೀಗೆ ಯೋಚನೆ ಮಾಡಿರಲಿಲ್ಲ.

ಮಣಿಪಾಲ ಗುಡ್ಡೆ:
ಟೀಚರ್, 134 ಸಲ ಭಾಗಿಸುವುದು ಬೇಡ ಅನಿಸುತ್ತದೆ. ಅಕ್ಕಪಕ್ಕದ ಸಂಖ್ಯೆಗಳನ್ನು ಒಡೆದರೆ ಎಷ್ಟೋ ಕೆಲಸ ಉಳಿಯುತ್ತದೆ. ಉದಾಹರಣೆಗೆ ನಮ್ಮ ಮಣಿಪಾಲದ ಪಿನ್ 576104. ಅದು 8 × 23 × 31 × 101. ಉಡುಪಿಯ ಪಿನ್ ಅದಕ್ಕಿಂತ 3 ಕಡಿಮೆ. 23 ಎರಡನ್ನೂ ಭಾಗಿಸಬೇಕಾದರೆ ನಡುವಿನ 3ನ್ನೂ ಭಾಗಿಸಬೇಕು, ಅದು ಆಗುವ ಮಾತಲ್ಲ. ಹಾಗಾಗಿ 23, 31, 101 ಮೂರೂ ಒಂದೇ ಏಟಿಗೆ ಹೋಯ್ತು.

ಹಾಗೇ ಹಿಂದಿನ ಸಂಖ್ಯೆ 576100 ಅಂದರೆ 100 × 7 × 823. ಅದಕ್ಕೇ ನೋಡಿ 7ರಿಂದ ಭಾಗಿಸಿದಾಗ ನಿಮಗೆ 1 ಉಳಿದದ್ದು. 576099 ಅನ್ನು 9 ಮತ್ತು 19 ಭಾಗಿಸುತ್ತವೆ, ಅಲ್ಲಿಗೆ 19 ಹೋಯ್ತು. 576103 ಅಂದರೆ 11 × 52373, ಅಲ್ಲಿಗೆ 11 ಹೋಯ್ತು.

ಲೆಕ್ಕದ ಟೀಚರ್:
ತುಂಬ ಚೆನ್ನಾಗಿದೆ. ಇನ್ನೊಂದು ಸೇರಿಸುತ್ತೇನೆ. 7, 11, 13 ಈ ಮೂರನ್ನೂ ಒಟ್ಟಿಗೆ ನೋಡುವ ಉಪಾಯ ಉಂಟು. 7 × 11 × 13 = 1001. ಆರಂಕಿಯ ಸಂಖ್ಯೆಯನ್ನು ಮೂರು ಮೂರಾಗಿ ಕತ್ತರಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 576 − 101 = 475. 7, 11, 13ರಲ್ಲಿ ಈ 475 ಅನ್ನು ಯಾವುದು ಭಾಗಿಸುತ್ತದೋ ಅದು ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ. 7ಕ್ಕೆ 6 ಉಳಿಯುತ್ತದೆ, 11ಕ್ಕೆ 2, 13ಕ್ಕೆ 7. ಮೂರೂ ಆಗಲಿಲ್ಲ. ಯಾಕೆ ಹೀಗೆ ಅಂದರೆ 576 × 1001 = 576576, ಅದರಿಂದ 475 ಕಳೆದರೆ ನಮ್ಮ 576101 ಬರುತ್ತದೆ. ಅಷ್ಟೇ ಗುಟ್ಟು.

ಕೊಡಿಯಾಲ್‌ಬೈಲ್:
ಕೂಡಲೇ ನಮ್ಮದಕ್ಕೆ ಹಾಕಿ ನೋಡಿದೆ. 575003. 575 − 3 = 572. ಅದು 4 × 11 × 13! ಅಂದರೆ 11 ಕೂಡ ಹೋಗುತ್ತದೆ, 13 ಕೂಡ ಹೋಗುತ್ತದೆ. ಪೂರ್ತಿ ಒಡೆದರೆ 11 × 13 × 4021. ಈ ಉಪಾಯ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ ಮಾರಾಯ್ರೆ.

ಪಾಂಡೇಶ್ವರ:
ಮಂಗಳೂರು ಹೆಡ್ ಪೋಸ್ಟ್ ಆಫೀಸಿನ 575001 ಏನು ಕತೆ?

ಮಣಿಪಾಲ ಗುಡ್ಡೆ:
ಅಂಕಿಗಳ ಮೊತ್ತ 18, ಹಾಗಾಗಿ 9 ಹೋಗುತ್ತದೆ. 9 × 7 × 9127. ಆ 9127 ಮಾತ್ರ ಅವಿಭಾಜ್ಯ, ಮುಂದೆ ಒಡೆಯುವುದಿಲ್ಲ.

ರಥಬೀದಿ:
ಮಂಗಳೂರು ಒಡೆಯಿತು, ಉಡುಪಿ ಒಡೆಯಲಿಲ್ಲ 😄

ಪಾಂಡೇಶ್ವರ:
ಒಡೆಯುವುದು ಒಳ್ಳೆಯದೇ ಅಲ್ವಾ? ಹಂಚಿಕೊಂಡು ತಿನ್ನಲು ಬರುತ್ತದೆ.

ಸುರತ್ಕಲ್ ಹಾಸ್ಟೆಲ್:
ಹಂಚುವುದಕ್ಕೆ ನಮ್ಮ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯ ಪಿನ್ ನೋಡಿ. 575025 = 3 × 5 × 5 × 11 × 17 × 41. ಆರಂಕಿಯ ಸಂಖ್ಯೆ, ಅತಿ ದೊಡ್ಡ ಅಪವರ್ತನ ಬರೀ 41! ನನಗೆ ಅವಿಭಾಜ್ಯಕ್ಕಿಂತ ಇಂಥ ಸಂಖ್ಯೆಗಳೇ ಇಷ್ಟ.

ಕಾಪು ಲೈಟ್‌ಹೌಸ್:
ಒಂದು ತಕರಾರು. ಪಿನ್ ಕೋಡ್ ಅನ್ನುವುದು ಸಂಖ್ಯೆಯೇ ಅಲ್ಲ. ಅದು ಬರೀ ಗುರುತು. ಉಡುಪಿಯ ಪಿನ್ನಿಗೆ ಮಂಗಳೂರಿನ ಪಿನ್ ಕೂಡಿಸಿದರೆ ಏನು ಅರ್ಥ ಬರುತ್ತದೆ? ಏನೂ ಇಲ್ಲ. ಅಂಕಿಯ ಬದಲು ಅಕ್ಷರ ಇಟ್ಟಿದ್ದರೂ ಕಾಗದ ಬರುತ್ತಿತ್ತು. ಹಾಗಿರುವಾಗ ಅದರ ಅಪವರ್ತನ ಹುಡುಕುವುದರಲ್ಲಿ ಏನು ಹುರುಳು ಉಂಟು?

ಲೆಕ್ಕದ ಟೀಚರ್:
ಅಂಚೆಯವರಿಗೆ ಅದು ಗುರುತು, ಸರಿ. ಆದರೆ 576101 ಅನ್ನುವ ಸಂಖ್ಯೆ ಅಂಚೆ ಇಲಾಖೆ ಹುಟ್ಟುವ ಮೊದಲೇ ಅವಿಭಾಜ್ಯ ಆಗಿತ್ತು, ಪಿನ್ ಕೋಡ್ ಹೋದ ಮೇಲೂ ಆಗಿರುತ್ತದೆ. ಮಗುವಿಗೆ ಒಂದು ಸಂಖ್ಯೆ ಬೇಕು, ಅದು ದಿನಾ ಕಾಣುವ ಸಂಖ್ಯೆ ಆದರೆ ಇನ್ನೂ ಒಳ್ಳೆಯದು. ಪುಸ್ತಕದ ಲೆಕ್ಕಕ್ಕೆ ಬಾರದ ಉತ್ಸಾಹ ಇದಕ್ಕೆ ಬರುತ್ತದೆ, ಇದನ್ನು ನಾನು ಕ್ಲಾಸಿನಲ್ಲಿ ನೋಡಿದ್ದೇನೆ.

ಅಂಚೆಯಣ್ಣ:
ಅಂಚೆ ಅಂದ ಮೇಲೆ ನಾನು ಸುಮ್ನೆ ಇರುವುದು ಹೇಗೆ. ಅದು ಬರೀ ಗುರುತೂ ಅಲ್ಲ, ಒಂದೊಂದು ಅಂಕಿಗೂ ಅರ್ಥ ಉಂಟು. ಪಿನ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಎರಡು ಅಂಕಿ 56ರಿಂದ 59ರ ಒಳಗಿದ್ದರೆ ಕರ್ನಾಟಕ. ಮೊದಲ ಮೂರು ಸೇರಿದರೆ ಕಾಗದ ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಅಂಕಿ ಅಂಚೆ ಕಚೇರಿ. ಸೈನ್ಯದ ಅಂಚೆಗೆ 9 ಬೇರೆಯೇ ಇಟ್ಟಿದ್ದಾರೆ. ಮೊದಲ ಅಂಕಿ 0 ಎಲ್ಲೂ ಬರುವುದಿಲ್ಲ, ಹಾಗಾಗಿ ಯಾವ ಪಿನ್ ತೆಗೆದುಕೊಂಡರೂ ಅದು ನಿಜವಾಗಿ ಆರಂಕಿಯ ಸಂಖ್ಯೆಯೇ.

ಆಗೆಲ್ಲ ಒಂದೇ ಹೆಸರಿನ ಊರು ಹತ್ತು ಕಡೆ, ವಿಳಾಸ ಬರೆಯುವವರು ಬೇರೆ ಬೇರೆ ಭಾಷೆಯವರು. ಕಾಗದ ಎಲ್ಲೆಲ್ಲೋ ತಿರುಗಿ ಬರುತ್ತಿತ್ತು. ಅಂಕಿ ಆದರೆ ಯಾವ ಭಾಷೆಯವರೂ ಓದಬಹುದು. ಈ ಯೋಜನೆ ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಕೇಂದ್ರದ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿ ಆಗಿದ್ದವರು. ಅವರು ಸಂಸ್ಕೃತ ಕವಿಯೂ ಹೌದು.

ಕಾರ್ಕಳದವ:
ಅಣ್ಣ, ಹಾಗಾದರೆ ನಮ್ಮ ಕಾರ್ಕಳ ಯಾಕೆ 574104? ನಾವು ಉಡುಪಿ ಜಿಲ್ಲೆಯವರು, 576 ಇರಬೇಕಿತ್ತಲ್ಲ. 574 ಪುತ್ತೂರಿನವರಿಗೆ.

ಅಂಚೆಯಣ್ಣ:
ಪಿನ್ ಕೊಟ್ಟಾಗ ಉಡುಪಿ ಜಿಲ್ಲೆಯೇ ಇರಲಿಲ್ಲ. ಎಲ್ಲ ದಕ್ಷಿಣ ಕನ್ನಡವೇ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಕಂದಾಯದ ಜಿಲ್ಲೆ ಬೇರೆ, ಅಂಚೆಯವರ ಜಿಲ್ಲೆ ಬೇರೆ. ಗಡಿ ಬದಲಾಯಿತು ಅಂತ ಪಿನ್ ಬದಲಾಯಿಸಿದರೆ ಮನೆ ಮನೆಯ ಕಾಗದಪತ್ರ ಎಲ್ಲ ಬದಲಾಯಿಸಬೇಕಾಗುತ್ತದೆ.

ಕಾರ್ಕಳದವ:
ಸರಿ. 574104ರ ಲೆಕ್ಕ ನಾನೇ ಮಾಡಿದೆ, 8 × 3 × 19 × 1259.

ರಥಬೀದಿ:
ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. ಕೃಷ್ಣನ ಊರಿಗೆ ಸಿಕ್ಕಿದ ಸಂಖ್ಯೆ ಯಾರಿಂದಲೂ ಭಾಗಿಸಲು ಆಗದ್ದು. ಆರಂಭದ 576 ಅಂದರೆ 24ರ ವರ್ಗ. ಕೇಶವ, ನಾರಾಯಣ ಅಂತ ನಾವು ಹೇಳುವ ಹೆಸರುಗಳೂ 24. ಇದು ಸುಮ್ಮನೆ ಆದದ್ದು ಅಂತ ನನಗೆ ಅನಿಸುವುದಿಲ್ಲ.

ಕಾಪು ಲೈಟ್‌ಹೌಸ್:
576 ಮಣಿಪಾಲಕ್ಕೂ ಉಂಟು, ಕುಂದಾಪುರಕ್ಕೂ ಉಂಟು. ಅವು ಒಡೆಯುತ್ತವಲ್ಲ.

ಸುರತ್ಕಲ್ ಹಾಸ್ಟೆಲ್:
ಭಕ್ತಿಯ ವಿಷಯಕ್ಕೆ ನಾನು ಬರುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ಒಂದು ಸಂಖ್ಯೆಯ ಸುತ್ತಮುತ್ತ ಅವಿಭಾಜ್ಯಗಳು ಎಷ್ಟು ದಟ್ಟವಾಗಿರುತ್ತವೆ ಅಂತ ಅಂದಾಜು ಮಾಡಲು ಅದರ ಸ್ವಾಭಾವಿಕ ಲಾಗರಿದಮ್ ನೋಡುತ್ತಾರೆ. 576101ಕ್ಕೆ ಅದು 13.26. ಅಂದರೆ ಈ ಪ್ರದೇಶದಲ್ಲಿ ಸರಾಸರಿ 13 ಸಂಖ್ಯೆಗೆ ಒಂದು ಅವಿಭಾಜ್ಯ ಸಿಗುತ್ತದೆ. ಕೊನೆಯ ಅಂಕಿ 1, 3, 7, 9 ಇರುವವನ್ನು ಮಾತ್ರ ನೋಡಿದರೆ ಸುಮಾರು ಐದಕ್ಕೆ ಒಂದು. ದೊಡ್ಡ ಅಂಚೆ ಕಚೇರಿಗಳ ಪಿನ್ ಎಷ್ಟೋ ಕಡೆ 001, 101 ಅಂತ 1ರಲ್ಲೇ ಮುಗಿಯುತ್ತದೆ. ಹಾಗಾಗಿ ದೇಶದಲ್ಲಿ ಇಂಥ ಊರುಗಳು ಬೇಕಾದಷ್ಟು ಇರುತ್ತವೆ.

ರಥಬೀದಿ:
ಐದರಲ್ಲಿ ಒಂದು ಆದರೂ ಆ ಒಂದು ನಮ್ಮದು ಆಯ್ತಲ್ಲ. ಬೇರೆ ಊರಿಗೂ ಸಿಕ್ಕಿದರೆ ಸಿಗಲಿ, ನನ್ನ ಸಂತೋಷ ಏನೂ ಕಡಿಮೆ ಆಗುವುದಿಲ್ಲ.

ಲೆಕ್ಕದ ಟೀಚರ್:
ಅದೂ ಸರಿಯೇ. ಮೊದಲ ಪೋಸ್ಟಲ್ಲಿ ಬೇರೆ ವಿಶೇಷ ಏನು ಅಂತ ಕೇಳಿದ್ದರು, ಅದಕ್ಕೆ ಬರೋಣ. ನನ್ನ ಮಟ್ಟಿಗೆ ಈ ಸಂಖ್ಯೆಯ ನಿಜವಾದ ಚೆಲುವು ಇಲ್ಲಿ ಉಂಟು.

576101 ಅನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅವಿಭಾಜ್ಯವೊಂದು ಹೀಗೆ 1 ಉಳಿಸಿದರೆ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 5 = 1 + 4, 13 = 4 + 9, 29 = 4 + 25 ಇದ್ದ ಹಾಗೆ. ಗಣಿತಜ್ಞ ಫರ್ಮಾ 1640ರ ಡಿಸೆಂಬರ್ 25ರಂದು ಮರ್ಸೆನ್‌ಗೆ ಬರೆದ ಕಾಗದದಲ್ಲಿ ಇದನ್ನು ಹೇಳಿದ್ದರು. ಸಾಧಿಸಿ ತೋರಿಸಿದ್ದು ನೂರು ವರ್ಷ ಕಳೆದ ಮೇಲೆ, ಆಯ್ಲರ್. ಹಾಗಾದರೆ ಉಡುಪಿಯ ಆ ಎರಡು ವರ್ಗಗಳು ಯಾವುವು? ಯಾರಾದರೂ ಹುಡುಕಿ. ಕಂಪ್ಯೂಟರ್ ಬೇಡ.

ಮಲ್ಪೆ ಬೋಟು:
ಕಂಪ್ಯೂಟರ್ ಇಲ್ಲದೆ? 759ರ ತನಕ ಒಂದೊಂದೇ ವರ್ಗ ಕಳೆದು ನೋಡಬೇಕಾ?

ಕುಂದಾಪ್ರದವಳು:
ಅಷ್ಟೆಲ್ಲ ಬೇಡ, ನನಗೆ ಸಿಕ್ಕಿತು. ಹೇಗೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ವರ್ಗ ಸಂಖ್ಯೆಯ ಕೊನೆಗೆ 0, 1, 4, 5, 6, 9 ಮಾತ್ರ ಬರುತ್ತದೆ. ನಮ್ಮ ಮೊತ್ತದ ಕೊನೆಗೆ 1 ಬರಬೇಕು. ಅಂದರೆ 0 ಮತ್ತು 1, ಇಲ್ಲವೇ 5 ಮತ್ತು 6. ಹೇಗೆ ನೋಡಿದರೂ ಎರಡರಲ್ಲಿ ಒಂದು 5ರ ಗುಣಕ. ಮೊದಲು 0 ಮತ್ತು 1 ಅನ್ನುವ ದಾರಿ ಹಿಡಿದೆ. ಆಗ ಒಂದು ಸಂಖ್ಯೆ 10, 20, 30 ಹೀಗೆ ಸೊನ್ನೆಯಲ್ಲಿ ಮುಗಿಯಬೇಕು.

ಇನ್ನು 8ರ ಶೇಷ. 576101 ಅನ್ನು 8ರಿಂದ ಭಾಗಿಸಿದರೆ 5 ಉಳಿಯುತ್ತದೆ. ಬೆಸ ಸಂಖ್ಯೆಯ ವರ್ಗ ಯಾವಾಗಲೂ 1 ಉಳಿಸುತ್ತದೆ. ಹಾಗಾದರೆ ಸಮ ಸಂಖ್ಯೆಯ ವರ್ಗ 4 ಉಳಿಸಬೇಕು. ಅದಕ್ಕೆ ಆ ಸಮ ಸಂಖ್ಯೆಯನ್ನು ಅರ್ಧ ಮಾಡಿದರೆ ಬೆಸ ಬರಬೇಕು. 20, 40, 60 ಹೋಯ್ತು. ಉಳಿದದ್ದು 10, 30, 50, 70, 90, 110...

ಆಮೇಲೆ 3ರ ಶೇಷ. ನಮ್ಮ ಸಂಖ್ಯೆ 2 ಉಳಿಸುತ್ತದೆ. ವರ್ಗಗಳು 0 ಅಥವಾ 1 ಮಾತ್ರ ಉಳಿಸುತ್ತವೆ. 2 ಬರಬೇಕಾದರೆ ಎರಡೂ 1 ಉಳಿಸಬೇಕು, ಅಂದರೆ ಎರಡರಲ್ಲಿ ಯಾವುದೂ 3ರ ಗುಣಕ ಅಲ್ಲ. 30, 90 ಹೋಯ್ತು.

ಈಗ ಕಳೆಯುತ್ತಾ ಬನ್ನಿ. 10ರ ವರ್ಗ 100, ಕಳೆದರೆ 576001, ವರ್ಗ ಅಲ್ಲ. 50ರ ವರ್ಗ 2500, ಕಳೆದರೆ 573601, ಅಲ್ಲ. 70ರ ವರ್ಗ 4900, ಕಳೆದರೆ 571201, ಅದೂ ಅಲ್ಲ. 110ರ ವರ್ಗ 12100, ಕಳೆದರೆ 564001. ಅದು 751ರ ವರ್ಗ!

576101 = 751² + 110².

ಲೆಕ್ಕದ ಟೀಚರ್:
ಶಾಭಾಸ್! ಇದೇ ನಾನು ಕಾಯುತ್ತಿದ್ದದ್ದು. ಇದು ಬಿಟ್ಟು ಬೇರೆ ಜೋಡಿ ಇಲ್ಲ, ಹಾಗಾಗಿ 5 ಮತ್ತು 6 ಅನ್ನುವ ದಾರಿಯಲ್ಲಿ ಹೋಗಿದ್ದರೆ ಏನೂ ಸಿಗುತ್ತಿರಲಿಲ್ಲ. ಶೇಷ ನೋಡಿ ಬೇಡದ್ದನ್ನು ಬಿಡುತ್ತಾ ಹೋಗುವ ಈ ಕ್ರಮವನ್ನು ಮಗಳಿಗೆ ಹೀಗೇ ತೋರಿಸಿ, ಒಂದು ಹೆಜ್ಜೆಯೂ ಬಿಡಬೇಡಿ.

ಸುರತ್ಕಲ್ ಹಾಸ್ಟೆಲ್:
ಇದರಿಂದ ಒಂದು ಲಂಬಕೋನ ತ್ರಿಭುಜವೂ ಬಂತು. 751² − 110² = 551901. 2 × 751 × 110 = 165220. ಇವು ಎರಡು ಬಾಹುಗಳು, ವಿಕರ್ಣ 576101. ಪೂರ್ಣಾಂಕಗಳ ಬಾಹು ಇಟ್ಟುಕೊಂಡು ಈ ವಿಕರ್ಣ ಬರುವ ತ್ರಿಭುಜ ಇದೊಂದೇ.

ಕೊಡಿಯಾಲ್‌ಬೈಲ್:
ಮಂಗಳೂರಿನದ್ದನ್ನು ಎರಡು ವರ್ಗವಾಗಿ ಬರೆಯಲು ಬರುತ್ತದಾ?

ಕುಂದಾಪ್ರದವಳು:
ಬರುವುದಿಲ್ಲ. 4ರಿಂದ ಭಾಗಿಸಿದಾಗ 3 ಉಳಿಸುವ ಅವಿಭಾಜ್ಯಗಳು, ಅಂದರೆ 3, 7, 11, 19, 23, 31 ಇಂಥವು, ಅಪವರ್ತನದಲ್ಲಿ ಜೋಡಿಯಾಗಿಯೇ ಬರಬೇಕು. 575001ರಲ್ಲಿ 3 ಎರಡು ಸಲ ಬಂದಿದೆ, ಅದು ಪರವಾಗಿಲ್ಲ, ಆದರೆ 7 ಒಂದೇ ಸಲ. ನಿಮ್ಮ 575003ರಲ್ಲಿ 11 ಒಂಟಿ. ಎನ್‌ಐಟಿಕೆಯಲ್ಲಿ 3 ಮತ್ತು 11. ಮಣಿಪಾಲದಲ್ಲಿ 23 ಮತ್ತು 31. ಕಾರ್ಕಳದಲ್ಲಿ 3 ಮತ್ತು 19. ನಮ್ಮ ಕುಂದಾಪುರ 576201 ಅಂದರೆ 3 × 29 × 37 × 179, ಅದರಲ್ಲೂ 3 ಒಂಟಿ. ಇಲ್ಲಿವರೆಗೆ ಇಲ್ಲಿ ಬಂದ ಪಿನ್‌ಗಳಲ್ಲಿ ಉಡುಪಿಗೆ ಮಾತ್ರ ಆ ಭಾಗ್ಯ.

ಮಲ್ಪೆ ಬೋಟು:
ಅವಿಭಾಜ್ಯವಾ ಅಂತ ನೋಡಲು ಇನ್ನೂ ಸುಲಭದ್ದು ಉಂಟು. 2ನ್ನು 576100 ಸಲ ಗುಣಿಸಿ 576101ರಿಂದ ಭಾಗಿಸಿ. 1 ಉಳಿದರೆ ಅವಿಭಾಜ್ಯ. ಕಂಪ್ಯೂಟರಿಗೆ ಚಿಟಿಕೆ ಹೊಡೆದಷ್ಟು ಹೊತ್ತು.

ಸುರತ್ಕಲ್ ಹಾಸ್ಟೆಲ್:
ಅದು ಒಂದು ಕಡೆಗೆ ಮಾತ್ರ ಸರಿ. ಅವಿಭಾಜ್ಯ ಆದರೆ 1 ಉಳಿಯಲೇ ಬೇಕು. 1 ಉಳಿದ ಮಾತ್ರಕ್ಕೆ ಅವಿಭಾಜ್ಯ ಆಗಬೇಕು ಅಂತಿಲ್ಲ. 341 ನೋಡಿ, 11 × 31, ಆದರೂ ಈ ಪರೀಕ್ಷೆ ಪಾಸಾಗುತ್ತದೆ. 561 ಇನ್ನೂ ಮೋಸದ್ದು. ಅದು 3 × 11 × 17, ಅದರೊಂದಿಗೆ ಅಪವರ್ತನ ಹಂಚಿಕೊಳ್ಳದ ಯಾವ ಸಂಖ್ಯೆ ಇಟ್ಟು ನೋಡಿದರೂ ಪಾಸು. ಎಲ್ಲರಿಗೂ ಗೊತ್ತಿರುವ ರಾಮಾನುಜನ್ ಸಂಖ್ಯೆ 1729 ಕೂಡ ಅದೇ ಜಾತಿ.

ಇದನ್ನೇ ಬಿಗಿ ಮಾಡಿದ ಮಿಲ್ಲರ್ ಮತ್ತು ರಾಬಿನ್ ಪರೀಕ್ಷೆ ಉಂಟು. 1373653ಕ್ಕಿಂತ ಚಿಕ್ಕ ಸಂಖ್ಯೆ ಆದರೆ 2 ಮತ್ತು 3 ಇಟ್ಟು ಆ ಪರೀಕ್ಷೆ ಮಾಡಿದರೆ ಸಾಕು, ತಪ್ಪುವುದಿಲ್ಲ. ಆರಂಕಿಯ ಪಿನ್ ಎಲ್ಲವೂ ಅದರ ಒಳಗೇ ಬಂತು. ಎಷ್ಟೇ ದೊಡ್ಡ ಸಂಖ್ಯೆಗೂ ಅನುಮಾನ ಇಲ್ಲದೆ, ಬೇಗ ಹೇಳುವ ಕ್ರಮ ಕಂಡುಹಿಡಿದದ್ದು ನಮ್ಮವರೇ, 2002ರಲ್ಲಿ ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿಟೆಕ್ ಮುಗಿಸಿದ ಹುಡುಗರು.

ಬಂದರು ಶೆಟ್ಟಿ:
ಇಷ್ಟೆಲ್ಲ ಓದಿದೆ. ಇದರಿಂದ ಎಂತ ಉಪಯೋಗ ಮಾರಾಯ್ರೆ? ಹೊಟ್ಟೆ ತುಂಬುತ್ತದಾ?

ಮಣಿಪಾಲ ಗುಡ್ಡೆ:
ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಮೇಲೆ ಬೀಗದ ಚಿಹ್ನೆ ಕಾಣುತ್ತದಲ್ಲ, ಅದರ ಹಿಂದೆ ಎಷ್ಟೋ ಸಲ ಇಂಥ ಲೆಕ್ಕವೇ ಇರುತ್ತದೆ. ಸುಮಾರು 308 ಅಂಕಿಯ ಎರಡು ಅವಿಭಾಜ್ಯಗಳನ್ನು ಗುಣಿಸಿ ಬೀಗ ಮಾಡುತ್ತಾರೆ. ಗುಣಿಸುವುದು ಸುಲಭ, ಒಡೆಯುವುದು ಇವತ್ತಿನ ಯಾವ ಕಂಪ್ಯೂಟರಿಗೂ ಆಗುವುದಿಲ್ಲ. ನಮ್ಮ ಆರಂಕಿಯದ್ದು ಬೀಗಕ್ಕೆ ಸಾಲುವುದಿಲ್ಲ, ಆದರೆ ಪಾಠ ಅದೇ.

ಬಂದರು ಶೆಟ್ಟಿ:
ಹೌದಾ? ಅದು ಗೊತ್ತಿರಲಿಲ್ಲ. ಅತಿ ದೊಡ್ಡ ಅವಿಭಾಜ್ಯ ಎಷ್ಟು?

ಸುರತ್ಕಲ್ ಹಾಸ್ಟೆಲ್:
ಅತಿ ದೊಡ್ಡದು ಅಂತ ಇಲ್ಲ, ಅವು ಮುಗಿಯುವುದೇ ಇಲ್ಲ. 2024ರಲ್ಲಿ ಸಿಕ್ಕಿದ್ದು 2ರ 136279841ನೇ ಘಾತದಿಂದ 1 ಕಳೆದದ್ದು. ಅದರಲ್ಲಿ 4,10,24,320 ಅಂಕಿಗಳು.

ಯಕ್ಷಗಾನ ಪ್ರಿಯ:
ನನಗೆ ಇಷ್ಟು ಲೆಕ್ಕ ಬರುವುದಿಲ್ಲ, ಆದರೆ ಅಂಚೆಯಣ್ಣ ವೇಲಣಕರ್ ಸಂಸ್ಕೃತ ಕವಿ ಅಂದದ್ದು ನೋಡಿ ಒಂದು ಹೊಳೆಯಿತು. ಕಟಪಯಾದಿ ಯಾರಿಗಾದರೂ ಗೊತ್ತಾ? ಅಕ್ಷರಕ್ಕೆ ಅಂಕಿ ಕೊಡುವ ಹಳೆಯ ಕ್ರಮ. ಕ, ಟ, ಪ, ಯ ಈ ನಾಲ್ಕೂ 1. ಅಲ್ಲಿಂದ ಮುಂದೆ ವರ್ಣಮಾಲೆಯ ಕ್ರಮದಲ್ಲೇ ಎಣಿಸುವುದು. ನ ಮತ್ತು ಞ ಸೊನ್ನೆ. ಒತ್ತಕ್ಷರ ಇದ್ದರೆ ಕೊನೆಯ ವ್ಯಂಜನ ಮಾತ್ರ ಲೆಕ್ಕ. ಬಂದ ಅಂಕಿಗಳನ್ನು ಹಿಂದಿನಿಂದ ಓದಬೇಕು. ಸಂಗೀತ ಕಲಿತವರಿಗೆ ಗೊತ್ತಿರುತ್ತದೆ. ಮಾಯಾಮಾಳವಗೌಳ ರಾಗದ ಹೆಸರಲ್ಲಿ ಮಾ 5, ಯಾ 1, ತಿರುಗಿಸಿದರೆ 15, ಅದು 15ನೇ ಮೇಳಕರ್ತ ರಾಗ.

ಈಗ ನಮ್ಮ ಪಿನ್ನಿನ ಕೊನೆಯ 101 ನೋಡಿ. ಕ 1, ನ 0, ಕ 1. ಕನಕ! ಉಡುಪಿಗೆ ಇದಕ್ಕಿಂತ ಬೇರೆ ಹೆಸರು ಬೇಕಾ?

ರಥಬೀದಿ:
ಮೈ ಜುಂ ಅಂದಿತು ನನಗೆ. ಕನಕನ ಕಿಂಡಿಯ ಊರು!

ಕಾಪು ಲೈಟ್‌ಹೌಸ್:
101 ಕೊನೆಗಿರುವ ಎಲ್ಲ ಊರಿಗೂ ಕನಕ ಬರುತ್ತದೆ. ಪೂರ್ತಿ ಆರಂಕಿಗೆ ಮಾಡಿ ನೋಡೋಣ.

ಯಕ್ಷಗಾನ ಪ್ರಿಯ:
ಮಾಡಿದೆ. 576101 ತಿರುಗಿಸಿದರೆ 1, 0, 1, 6, 7, 5.

"ಪಾನಕ ತಾ ಸೋಮ."

ಪಾ 1, ನ 0, ಕ 1, ತಾ 6, ಸೋ 7, ಮ 5. ಪಿನ್ ಮರೆತರೆ ಸೋಮನ ಹತ್ತಿರ ಪಾನಕ ಕೇಳಿದರಾಯ್ತು.

ಕಲ್ಸಂಕದವ:
ಇದು ಮನೆಯಲ್ಲಿ ಓದಿ ಹೇಳಿದೆ, ಈಗ ಇಡೀ ಮನೆ ಪಾನಕ ತಾ ಸೋಮ ಅಂತ ಹೇಳುತ್ತಿದೆ. ಮಗಳು 751 ಮತ್ತು 110ರ ವರ್ಗ ಕೈಯಲ್ಲೇ ಮಾಡಿ ಕೂಡಿಸಿ ನೋಡಿದಳು, ಸರಿ ಬಂತು. ಮಣಿಪಾಲದಲ್ಲಿರುವ ಅವಳ ಅತ್ತೆಯ ಪಿನ್ನಿಗೂ ಒಂದು ಮಾಡಿಕೊಡಿ ಅಂತ ಕೇಳುತ್ತಿದ್ದಾಳೆ.

ಯಕ್ಷಗಾನ ಪ್ರಿಯ:
576104. ಸೋಮ ಹಾಗೇ ಇರಲಿ, ಕೊನೆಯ 104 ಮಾತ್ರ ಬದಲಾಗುತ್ತದೆ. ವಿ 4, ನ 0, ಯ 1. "ವಿನಯ ತಾ ಸೋಮ."

ಕುಂದಾಪ್ರದವಳು:
ಕುಂದಾಪುರದ್ದು ನಾನೇ ಮಾಡಿದೆ. 576201. ಕಿ 1, ನ್ನ 0, ರಿ 2. "ಕಿನ್ನರಿ ತಾ ಸೋಮ." ವಾದ್ಯ ಬಂತು ನಮಗೆ.

ಅಂಚೆಯಣ್ಣ:
ನಮ್ಮ ಕಾಲದಲ್ಲಿ ಇದು ಸಿಕ್ಕಿದ್ದರೆ ಹೊಸದಾಗಿ ಸಾರ್ಟಿಂಗಿಗೆ ಬಂದ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದೆ.

ಕೊಡಿಯಾಲ್‌ಬೈಲ್:
ಮಂಗಳೂರಿಗೆ ಯಾರೂ ಮಾಡಲಿಲ್ಲ ಇನ್ನೂ. 575 ಆದ್ದರಿಂದ ಸೋಮ ಹೊಂದುವುದಿಲ್ಲ. ಕೊನೆಯ 001ಕ್ಕೆ "ಕಾನನ" ಸಿಕ್ಕಿತು, ಮುಂದಿನ 5, 7, 5ಕ್ಕೆ ಏನೂ ಕೂಡಿ ಬರುತ್ತಿಲ್ಲ.

ಯಕ್ಷಗಾನ ಪ್ರಿಯ:
ಮ, ಸ, ಮ ಇಟ್ಟುಕೊಂಡು ನೋಡಿ. ಶ, ಣ ಕೂಡ 5 ಆಗುತ್ತದೆ. ಥ, ಛ 7.

ಪಾಂಡೇಶ್ವರ:
ಸಿಕ್ಕಿತು. 575001. ಮೊದಲ ಶಬ್ದ ತುಳು, ನಾನು ಅಂತ ಅರ್ಥ, ಉಳಿದದ್ದು ಕನ್ನಡ, ಇಲ್ಲಿ ನಾವು ಮಾತಾಡುವುದೇ ಹಾಗೆ. ಯಾ 1, ನು 0, ನಿ 0, ಮ್ಮ 5, ಸ 7, ಮ 5.

ಉಡುಪಿಯವರಿಗೆ ಹೇಳುತ್ತಿದ್ದೇನೆ: "ಯಾನು ನಿಮ್ಮ ಸಮ."